ಎದುರು ಕೂತವಳ ಮುಖ

ಎಲ್ಡರ್‌ಬ್ರೂಕ್ ಕಾಲೇಜು, ವರ್ಮಾಂಟ್
ಏಪ್ರಿಲ್ 14

ಪ್ರೀತಿಯ ಅಜ್ಜಿ,

ಕಾಗದ ನೋಡಿ ಗಾಬರಿಯಾಗಬೇಡ. ನಾನೇ, ಟೆಸ್ಸಾ. ನದಿಯ ವಿಷಯವಾಗಿ ಫೋನಿನಲ್ಲಿ ಒಂದಕ್ಷರವನ್ನೂ ಬರೆಯಕೂಡದೆಂದು ಕಾಲೇಜಿನ ವಕೀಲರು ನಮ್ಮ ತಂಡಕ್ಕೆಲ್ಲ ತಾಕೀತು ಮಾಡಿದ್ದಾರೆ. ಕಾಗದದ ಬಗ್ಗೆ ಅವರು ಏನೂ ಹೇಳಲಿಲ್ಲ. ಈ ಕಾಲದಲ್ಲೂ ಅಂಚೆಪೆಟ್ಟಿಗೆ ನಂಬುವ ಅಜ್ಜಿಯೊಬ್ಬಳು ಇದ್ದಾಳೆಂದು ಅವರಿಗೆ ಹೊಳೆದಿರಲಾರದು.

ಪೇಪರಿನಲ್ಲಿ ಅರ್ಧ ಓದಿರುತ್ತೀಯ. ಉಳಿದದ್ದು ಹೇಳುತ್ತೇನೆ. ನದಿಯ ಹಿಮಗಡ್ಡೆ ಒಡೆದು ಹೋದ ಮೊದಲ ಬೆಳಿಗ್ಗೆ, ತಂಡಕ್ಕೆ ಹೊಸದಾಗಿ ಬಂದವರನ್ನು ನದಿಗೆ ಒಪ್ಪಿಸುವ ಪದ್ಧತಿ ನಮ್ಮಲ್ಲಿದೆ. ನೀನು ಇಲ್ಲಿ ಹುಟ್ಟು ಹಾಕುತ್ತಿದ್ದ ಕಾಲದಲ್ಲಿ ಇದಿರಲಿಲ್ಲವಂತೆ. ದೋಣಿ ನಡುನೀರಿಗೆ ಹೋಗಿ ನಿಲ್ಲುತ್ತದೆ. ಹೊಸಬಳು ಪಕ್ಕಕ್ಕೆ ಉರುಳಿ ನೀರಿಗಿಳಿದು ಕಟ್ಟೆಯವರೆಗೆ ಈಜುತ್ತಾಳೆ. ಉಳಿದವರು ಹಾಡುತ್ತೇವೆ. ಕಟ್ಟೆಯ ಮೇಲೆ ಕಂಬಳಿ, ಬಿಸಿ ಕೋಕೋ ಕಾದಿರುತ್ತದೆ. ಎರಡು ವರ್ಷದ ಹಿಂದೆ ನಾನೂ ಹೀಗೆ ಈಜಿ, ಹಲ್ಲು ಕಟಕಟಿಸುತ್ತಾ ನಕ್ಕಿದ್ದೆ.

ಈ ಸಲ ಹೊಸಬಳು ಒಬ್ಬಳೇ, ಲಿಬ್ಬಿ ವಿಟೆಕ್. ನೆಬ್ರಾಸ್ಕಾದವಳು. ಇಲ್ಲಿಗೆ ಬರುವ ಮೊದಲು ಇಂಥ ದೋಣಿಯನ್ನೇ ಕಂಡವಳಲ್ಲ. ಆದರೆ ಅವಳ ತೋಳಿನ ಲಯ ನೋಡಿ ಕೋಚ್ ಮರ್ಸರ್ ಮೊದಲ ವರ್ಷದಲ್ಲೇ ಅವಳನ್ನು ನನ್ನ ಎದುರಿಗೇ ಕೂರಿಸಿದರು. ನಿನಗೆ ಗೊತ್ತಲ್ಲ, ಹುಟ್ಟು ಹಾಕುವ ಎಂಟೂ ಜನ ದೋಣಿ ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ, ಚುಕ್ಕಾಣಿ ಹಿಡಿದು ಕೂಗಿ ಹೇಳುವ ನಾನೊಬ್ಬಳೇ ಅವರಿಗೆ ಮುಖ ಮಾಡಿ ಕೂರುವವಳು. ನಮ್ಮಿಬ್ಬರ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.

ಆ ಬೆಳಿಗ್ಗೆ ಎಂಥ ಮಂಜಿತ್ತು ಗೊತ್ತಾ ಅಜ್ಜಿ. ದಡವೇ ಇಲ್ಲದ ನದಿ. ಹುಟ್ಟಿನ ತುದಿಯಿಂದ ಬೀಳುವ ಹನಿಯ ಸದ್ದು ಯಾರೋ ದೂರದಲ್ಲಿ ನಡೆದು ಹೋಗುತ್ತಿರುವ ಹಾಗೆ ಕೇಳುತ್ತಿತ್ತು. ನಾನು "ರೆಡಿನಾ?" ಅಂತ ಕೇಳಿದೆ. ಆಮೇಲೆ "ಹೋಗು" ಅಂದೆ. ಲಿಬ್ಬಿ ನೀರಿಗಿಳಿದಳು. ನಾಲ್ಕು ಕೈ ಈಜಿರಬೇಕು. ಆಮೇಲೆ ಅಲ್ಲಿ ಅವಳಿರಲಿಲ್ಲ.

ಕ್ಯಾಪ್ಟನ್ ಪೈಪರ್ ಹಾರಿ ಅವಳ ಕೂದಲು ಹಿಡಿದು ಎಳೆದಳು. ಬದುಕಿದ್ದಾಳೆ. ಶ್ವಾಸಕೋಶಕ್ಕೆ ನೀರು ಹೋಗಿತ್ತು. ಆಸ್ಪತ್ರೆಯಿಂದ ನೇರವಾಗಿ ಅವಳಮ್ಮ ಬಂದು ಊರಿಗೆ ಕರೆದುಕೊಂಡು ಹೋದರು.

ಈಗ ವಿಚಾರಣೆ ನಡೆಯುತ್ತಿದೆ. "ನಾನು ಬೇಡ ಅಂತ ತಲೆ ಅಲ್ಲಾಡಿಸಿದ್ದೆ" ಅನ್ನುತ್ತಾಳೆ ಲಿಬ್ಬಿ. ಹಿಂದೆ ಕೂತ ಏಳು ಜನರಿಗೆ ಕಂಡದ್ದು ಅವಳ ಬೆನ್ನು ಮಾತ್ರ. ಅವಳಾಗಿಯೇ ಇಳಿದಳು ಅಂತ ನಾನು ಹೇಳಿದ್ದೇನೆ. ಅಷ್ಟು ತಣ್ಣನೆಯ ನೀರಿನಲ್ಲಿ ಮುಳುಗಿದವರ ನೆನಪು ಕದಡಿಹೋಗಿರುತ್ತದೆ ಅಂತ ಡಾಕ್ಟರೂ ಹೇಳಿದ್ದಾರೆ. ಅವಳಾಗಿಯೇ ಇಳಿದದ್ದಾದರೆ ನಮಗೆ ಬರೀ ಎಚ್ಚರಿಕೆ. ಬಲವಂತ ಅಂತಾದರೆ ಹುಡುಗಿಯರ ದೋಣಿ ತಂಡ ಎರಡು ವರ್ಷ ಅಮಾನತು. ಮೇ ಹದಿನೇಳಕ್ಕೆ ಆಡಳಿತ ಮಂಡಳಿ ತೀರ್ಮಾನಿಸುತ್ತದೆ.

ನೀನು ಆ ಮಂಡಳಿಯಲ್ಲಿದ್ದೀಯ. ನಮ್ಮ ದೋಣಿಯ ಮೂತಿಯ ಮೇಲೆ ನಿನ್ನ ಹೆಸರೇ ಇದೆ. "ನಿಮ್ಮಜ್ಜಿ ಒಂದ್ ಸಲ ಕೆಮ್ಮಿದ್ರೆ ಸಾಕು ಕಣೇ, ಅಧ್ಯಕ್ಷರು ಎದ್ದು ನಿಂತ್ಕೋತಾರೆ" ಅಂತಾಳೆ ಪೈಪರ್. ನಮ್ಮನ್ನು ಉಳಿಸು ಅಜ್ಜಿ.

ನಿನ್ನ
ಟೆಸ್ಸಾ


ಪೆಟಿಟ್ಸ್ ಕೋವ್, ಮೇನ್
ಏಪ್ರಿಲ್ 21

ಟೆಸ್ಸಾ ಮರಿ,

ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಯಿತು. ಕೋಳಿ ಕೆದಕಿದ ಹಾಗಿದ್ದರೂ ನಿನ್ನದೇ. ಆ ವಕೀಲರಿಗೆ ನನ್ನ ಕಡೆಯಿಂದ ಒಂದು ವಂದನೆ.

ಮೊದಲಿಗೆ ಆ ಮಗು ಬದುಕಿತಲ್ಲ, ಅದು ದೊಡ್ಡದು. ಪೇಪರಿನಲ್ಲಿ ಓದಿದ ದಿನ ಒಲೆಯ ಮೇಲಿಟ್ಟ ಸಾರು ಸೀದು ಕರಕಾಗುವವರೆಗೆ ಕೂತೇ ಇದ್ದೆ.

ಇನ್ನು ಅಮಾನತಿನ ಮಾತು. ನನಗೆ ಮೈ ಉರಿಯುತ್ತಿದೆ. ಕಳೆದ ವರ್ಷ ಗಂಡುಹುಡುಗರ ಫುಟ್‌ಬಾಲ್ ತಂಡ ಕುಡಿದು ಊಟದ ಕೋಣೆಯನ್ನೇ ಪುಡಿಪುಡಿ ಮಾಡಿದಾಗ ಅವರಿಗೆ ಸಿಕ್ಕಿದ್ದು ಎರಡು ವಾರದ ಶಿಕ್ಷೆ. ನಮಗೆ ಎರಡು ವರ್ಷವಂತೆ. ನಮಗೆ ಮೊದಲ ದೋಣಿ ಕೊಟ್ಟಾಗಲೂ ಹುಡುಗರು ಬಿಸಾಕಿದ್ದನ್ನೇ ಕೊಟ್ಟಿದ್ದರು, ಹೊಟ್ಟೆಯಲ್ಲಿ ಬಿರುಕು ಬಿಟ್ಟದ್ದು. ನೀರು ಮೊಗೆದು ಹಾಕುತ್ತಾ, ಹುಟ್ಟು ಹಾಕುತ್ತಾ ಅದರಲ್ಲೇ ಗೆದ್ದೆವು. ಎರಡು ವರ್ಷ ನಿಂತ ತಂಡ ಮತ್ತೆ ಏಳುವುದಿಲ್ಲ ಮರಿ. ಹುಡುಗಿಯರು ಬೇರೆ ಕಾಲೇಜಿಗೆ ಹೋಗುತ್ತಾರೆ, ದೋಣಿಮನೆಯಲ್ಲಿ ಯಾರೋ ಕಾಫಿ ಅಂಗಡಿ ತೆರೆಯುತ್ತಾರೆ. ಯಾರೋ ನಾಲ್ಕು ಜನ ಶುರುಮಾಡಿದ ಹುಚ್ಚು ಪದ್ಧತಿಗೆ ಇನ್ನೂ ಕಾಲೇಜಿಗೇ ಬರದ ಹುಡುಗಿಯರು ಯಾಕೆ ದಂಡ ತೆರಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗಾಯಿತು. ಪದ್ಧತಿ ನಿಲ್ಲಲಿ, ಕೋಚನ್ನು ಪ್ರಶ್ನಿಸಲಿ. ತಂಡ ನಿಲ್ಲಕೂಡದು. ಇದನ್ನೇ ಹೇಳುತ್ತೇನೆ.

ನನ್ನ ಮಂಚದ ಮೇಲೆ ಆ ಕೌದಿ ಇನ್ನೂ ಇದೆ. ಸೋತ ತಂಡದವರು ಮೈಮೇಲಿನ ಅಂಗಿಯನ್ನು ಬಿಚ್ಚಿ ಗೆದ್ದವರ ಕೈಗೆ ಕೊಡುವ ರೂಢಿ ನಿಮ್ಮಲ್ಲೂ ಉಳಿದಿದೆಯಲ್ಲ? ಹಾಗೆ ಬಂದ ಅಂಗಿಗಳನ್ನೆಲ್ಲ ಹೊಲಿದು ಮಾಡಿದ ಕೌದಿ. ಬಣ್ಣ ಮಾಸಿದೆ, ಬಿಸಿ ಮಾಸಿಲ್ಲ. ಅದನ್ನು ಹೊದ್ದು ಮಲಗಿದರೆ ಈಗಲೂ ಕನಸಿನಲ್ಲಿ ನೀರು ದೋಣಿಯ ಕೆಳಗೆ ಗುಳುಗುಳು ಅನ್ನುತ್ತದೆ.

ಪಕ್ಕದ ಮನೆಯ ಹಿರಾಮ್ ಚಿಪ್ಪುಮೀನು ಕೊಡಲು ಬಂದವನು ಪೇಪರ್ ನೋಡಿ "ಅಲ್ಲಮ್ಮ ಲೋರ್ನಾ, ಮಕ್ಳನ್ನ ಅಲ್ಲಿ ಓದೋಕ್ ಕಳಿಸ್ತಾರೋ, ಮುಳುಗೋಕ್ ಕಳಿಸ್ತಾರೋ?" ಅಂದ. ಅವನಿಗೆ ಕಾಫಿ ಕೊಡದೆ ಕಳಿಸಿದೆ.

ಒಂದೇ ಒಂದು ಕೇಳುತ್ತೇನೆ. "ರೆಡಿನಾ" ಅಂದೆ, ಆಮೇಲೆ "ಹೋಗು" ಅಂದೆ ಅಂತ ಬರೆದಿದ್ದೀಯ. ಆ ಎರಡು ಮಾತಿನ ನಡುವೆ ಅವಳ ಮುಖ ಹೇಗಿತ್ತು?

ನಿನ್ನ ಅಜ್ಜಿ
ಲೋರ್ನಾ


ಎಲ್ಡರ್‌ಬ್ರೂಕ್
ಏಪ್ರಿಲ್ 30

ಪ್ರೀತಿಯ ಅಜ್ಜಿ,

ನಿನ್ನ ಕಾಗದವನ್ನು ದೋಣಿಮನೆಯಲ್ಲಿ ಓದಿ ಹೇಳಿದೆ. ಕೌದಿಯ ಮಾತು ಬಂದಾಗ ಪೈಪರ್ ಕಣ್ಣೊರೆಸಿಕೊಂಡಳು. ಆಮೇಲೆ ಹಿರಾಮನಿಗೆ ಕಾಫಿ ಸಿಗಲಿಲ್ಲ ಅಂತ ಕೇಳಿ ಬಿದ್ದು ಬಿದ್ದು ನಕ್ಕಳು. ಕಡೆಯ ಸಾಲು ಅವರಿಗೆ ಓದಿ ಹೇಳಲಿಲ್ಲ.

ನಾವೀಗ ನೀರಿಗಿಳಿಯುವ ಹಾಗಿಲ್ಲ. ದೋಣಿಗಳನ್ನೆಲ್ಲ ಮಗುಚಿ ಅಟ್ಟಣೆಯ ಮೇಲಿಟ್ಟಿದ್ದೇವೆ. ಬೆಳಿಗ್ಗೆ ಎದ್ದು ರಸ್ತೆಯಲ್ಲಿ ಓಡುತ್ತೇವೆ, ನದಿ ನಮ್ಮ ಪಕ್ಕದಲ್ಲೇ ಓಡುತ್ತದೆ. ಮೇಪಲ್ ಮರಗಳಿಗೆ ಕೆಂಪು ಚಿಗುರು ಬಂದಿದೆ. ನೀರಿನ ಮೇಲೆ ಬಿದ್ದ ಅದರ ಬಣ್ಣವನ್ನು ಯಾರೂ ಕಲಕದೆ ಇರುವುದು ನೋಡಿದರೆ ಈ ಊರಿನಲ್ಲಿ ಯಾರೂ ಇಲ್ಲವೇನೋ ಅನಿಸುತ್ತದೆ.

ಲಿಬ್ಬಿಯ ರಬ್ಬರ್ ಬೂಟು ದೋಣಿಮನೆಯ ಬಾಗಿಲಲ್ಲೇ ಇದೆ. ಯಾರೂ ಎತ್ತಿಡುತ್ತಿಲ್ಲ. ದಾಟಿಕೊಂಡು ಹೋಗುತ್ತೇವೆ. ಅವಳಮ್ಮ ಗಸಗಸೆ ತುಂಬಿದ ಕೊಲಾಚ್ ಬನ್ನುಗಳನ್ನು ದೊಡ್ಡ ಡಬ್ಬಿಯಲ್ಲಿ ಕಳಿಸುತ್ತಿದ್ದರು. "ತಿನ್ರೇ, ಇಲ್ಲಾಂದ್ರೆ ನಾನೊಬ್ಳೇ ತಿಂದು ದೋಣಿ ಮುಳುಗಿಸ್ತೀನಿ" ಅಂತಿದ್ದಳು ಲಿಬ್ಬಿ. ಎಷ್ಟು ಸಲ ಹೀಗೆ ಹೇಳಿದ್ದಳೋ.

ಒಂದು ಕನಸು ಬೀಳುತ್ತಿದೆ. ದೋಣಿ ಹುಲ್ಲಿನ ಮೇಲೆ ಹೋಗುತ್ತಿರುತ್ತದೆ. ನೀರೇ ಇಲ್ಲ, ಕಣ್ಣು ಹಾಯುವಷ್ಟು ದೂರ ಹುಲ್ಲು. ಹುಟ್ಟು ಹಾಕಿದರೆ ಹುಲ್ಲು ಬಾಗಿ ಏಳುತ್ತದೆ, ಸದ್ದಿಲ್ಲ. ನಾನು ನಿಲ್ಲಿ ಅಂತ ಹೇಳಬೇಕು, ಬಾಯಿ ಬರುವುದಿಲ್ಲ. ಅವರೆಲ್ಲ ನನ್ನ ಮುಖವನ್ನೇ ನೋಡುತ್ತಾ ನಗುನಗುತ್ತಾ ಹುಟ್ಟು ಹಾಕುತ್ತಲೇ ಇರುತ್ತಾರೆ. ಎಲ್ಲಿಗೆ ಹೋಗುತ್ತಿದ್ದೇವೆಂದು ಅವರಿಗೆ ಕಾಣುವುದಿಲ್ಲವಲ್ಲ, ಅವರ ಬೆನ್ನು ಆ ಕಡೆಗೆ.

ಪರೀಕ್ಷೆ ಹತ್ತಿರ ಬಂತು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಟೆಸ್ಸಾ


ಪೆಟಿಟ್ಸ್ ಕೋವ್
ಮೇ 6

ಟೆಸ್ಸಾ ಮರಿ,

ಮೇಪಲ್ ಚಿಗುರು, ಬೂಟು, ಬನ್ನು, ಕನಸು ಎಲ್ಲ ಬಂತು. ನಾನು ಕೇಳಿದ್ದು ಮಾತ್ರ ಬರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಹೆಗಲನ್ನೂ ಮುಟ್ಟಿಕೊಳ್ಳದೆ ಕಿಟಕಿಯ ಹೊರಗೆ ನೋಡುತ್ತಿದ್ದೀಯ. ಚಿಕ್ಕವಳಿದ್ದಾಗಲೂ ಹಾಗೇ. ಹೂಜಿ ಒಡೆದ ದಿನ ಬಂದು ಆಕಾಶದಲ್ಲಿ ಬಾತುಕೋಳಿ ಹೋಗುತ್ತಿವೆ ನೋಡಜ್ಜಿ ಅಂದಿದ್ದೆ. ಬಾತುಕೋಳಿ ನಿಜವಾಗಿಯೂ ಹೋಗುತ್ತಿದ್ದವು ಅನ್ನು.

ನಾನು ಒತ್ತಾಯ ಮಾಡುವುದಿಲ್ಲ. ಆದರೆ ಹದಿನೇಳಕ್ಕೆ ಏನು ಹೇಳುತ್ತೇನೆಂದು ನಿನಗೆ ಮೊದಲೇ ತಿಳಿದಿರಲಿ. ಎದ್ದು ನಿಂತು ಹೀಗೆ ಹೇಳುತ್ತೇನೆ: ಆ ಹುಡುಗಿ ತಾನಾಗಿಯೇ ಇಳಿದಳು, ಅವಳ ಮುಖ ಕಂಡವಳು ಇಡೀ ನದಿಯಲ್ಲಿ ಒಬ್ಬಳೇ, ಅವಳು ನನ್ನ ಮೊಮ್ಮಗಳು, ಅವಳ ಮಾತಿಗೆ ನಾನು ಹೊಣೆ. ಅವರು ಒಪ್ಪುತ್ತಾರೆ. ಐವತ್ತು ವರ್ಷದಿಂದ ಆ ಕಾಲೇಜಿನಲ್ಲಿ ನಾನು ಸುಳ್ಳು ಹೇಳಿಲ್ಲವೆಂದು ಅವರಿಗೆ ಗೊತ್ತು. ಅಲ್ಲಿಗೆ ನೆಬ್ರಾಸ್ಕಾದ ಆ ಮಗುವಿನ ಮಾತು ಮುಗಿದ ಹಾಗೆ. ಅವಳ ತಲೆಯೊಳಗೆ ಮಂಜು ಕವಿದಿತ್ತು ಅಂತಲೇ ಎಲ್ಲರೂ ತಿಳಿಯುತ್ತಾರೆ. ನಾಳೆ ಅವಳೂ ಹಾಗೇ ತಿಳಿಯುತ್ತಾಳೆ.

ಮತ್ತೇನಾದರೂ ಬರೆಯುವುದಿದ್ದರೆ ಅಷ್ಟರೊಳಗೆ ಬರೆ. ಇಲ್ಲದಿದ್ದರೆ ಹೀಗೇ ಹೇಳುತ್ತೇನೆ.

ಸಮುದ್ರ ಇವತ್ತು ಹಾಲು ಚೆಲ್ಲಿದ ಹಾಗಿದೆ. ಚಳಿ ಬಿಟ್ಟಿಲ್ಲ.

ನಿನ್ನ ಅಜ್ಜಿ


ಎಲ್ಡರ್‌ಬ್ರೂಕ್
ಮೇ 11

ಅಜ್ಜಿ,

ತಲೆ ಅಲ್ಲಾಡಿಸಿದಳು.

ನಾನು "ರೆಡಿನಾ?" ಅಂದೆ. ಅವಳು ನನ್ನ ಕಣ್ಣನ್ನೇ ನೋಡುತ್ತಾ ತಲೆ ಅಲ್ಲಾಡಿಸಿದಳು. ಆ ಕಡೆ, ಈ ಕಡೆ, ನಿಧಾನವಾಗಿ. ತುಟಿ ನೀಲಿಯಾಗಿತ್ತು. ಹಿಂದೆ ಅವರು ಆಗಲೇ ಹಾಡು ಶುರುಮಾಡಿದ್ದರು. ಅಷ್ಟು ಚೆನ್ನಾಗಿತ್ತು ಅಜ್ಜಿ ಆ ಹಾಡು, ಆ ಮಂಜಿನಲ್ಲಿ. ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ, ಇಳಿದ ಮೇಲೆ ಸರಿಹೋಗುತ್ತಾಳೆ ಅಂದುಕೊಂಡೆ. "ಹೋಗು" ಅಂದೆ.

ಅವಳು ಹೋದಳು. ಬೇಡ ಅಂದವಳೇ ಹೋದಳು. ಅದು ಯಾಕೆಂದು ಮಂಡಳಿಯವರಿಗೆ ತಿಳಿಯಲಾರದು, ನಿನಗೆ ತಿಳಿಯುತ್ತದೆ. ಚಳಿಗಾಲವಿಡೀ ನಾನು ಹೇಳಿದ ಕೂಡಲೇ ಮೈ ಕದಲಬೇಕು, ಯೋಚನೆ ಮಾಡಬಾರದು ಅಂತ ಅವಳಿಗೆ ಕಲಿಸಿದ್ದೇವೆ. ಯೋಚಿಸಿದರೆ ಹುಟ್ಟು ತಡವಾಗುತ್ತದೆ, ದೋಣಿ ವಾಲುತ್ತದೆ. ಅವಳು ಒಂದು ಸಲವೂ ತಡಮಾಡಿದವಳಲ್ಲ. ಅವಳ ತಲೆ ಬೇಡ ಅಂದಿತು, ಮೈ ನನ್ನ ಮಾತು ಕೇಳಿತು. ಪಕ್ಕಕ್ಕೆ ಉರುಳುವಾಗ ಅವಳ ಮುಖದಲ್ಲಿ ಆಶ್ಚರ್ಯವಿತ್ತು.

ಅದನ್ನು ಕಂಡವಳು ನಾನೊಬ್ಬಳೇ. ಏನು ಮಾಡಲಿ ಹೇಳು.

ಟೆಸ್ಸಾ


ಪೆಟಿಟ್ಸ್ ಕೋವ್
ಮೇ 19

ನನ್ನ ಮರಿ,

ನಿನ್ನ ಕಾಗದ ಹದಿನಾಲ್ಕಕ್ಕೆ ಬಂತು. ಓದಿ ಸಮುದ್ರದ ಕಡೆ ಹೋಗಿ ಬಂಡೆಯ ಮೇಲೆ ಕೂತೆ. ಹಿರಾಮ್ ದೂರದಿಂದ ನೋಡಿ, ತನ್ನ ಕೋಟು ತಂದು ನನ್ನ ಹೆಗಲಿಗೆ ಹಾಕಿ ಹೋದ. ಇನ್ನು ಮೇಲೆ ಅವನಿಗೆ ಕಾಫಿ ಕೊಡಬೇಕು.

ನಿನ್ನ ಮೇಲೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಆಮೇಲೆ ನೀನು ಆ ಬೆಳಗಿನಿಂದ ಒಬ್ಬಳೇ ಅವಳ ಮುಖವನ್ನು ಹೊತ್ತುಕೊಂಡು ಓಡಾಡುತ್ತಿದ್ದೀಯ ಅಂತ ನೆನಪಾಗಿ ಅತ್ತೆ.

ಹದಿನೇಳರ ಸಭೆಯಲ್ಲಿ ಮೇಜಿನ ಸುತ್ತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಮ್ಮ ಕೋಚ್ ಮರ್ಸರ್ ನನಗೆ ನೀರಿನ ಲೋಟ ತಂದಿಟ್ಟು "ನೀವಿದ್ದೀರಲ್ಲ ಮೇಡಂ, ಧೈರ್ಯ" ಅಂದಳು. ಅಧ್ಯಕ್ಷರು "ಲೋರ್ನಾ, ನಿಮ್ಮ ಅಭಿಪ್ರಾಯ ಹೇಳಿ, ತಂಡ ಉಳಿಸೋಣ್ವಾ, ನಿಲ್ಲಿಸೋಣ್ವಾ?" ಅಂದರು.

ನಾನು ಎದ್ದೆ. "ನೀವ್ಯಾರೂ ಹುಟ್ಟು ಹಾಕ್ದವ್ರಲ್ಲ, ಅದಕ್ಕೆ ಹೇಳ್ತೀನಿ. ದೋಣಿಯಿಂದ ಯಾರಾದ್ರೂ ನೀರಿಗೆ ಬಿದ್ರೆ ಉಳಿದವ್ರೆಲ್ಲ ಹುಟ್ಟು ನಿಲ್ಲಿಸ್ತಾರೆ. ತಪ್ಪು ಯಾರ್ದು, ಅವ್ಳಾಗೇ ಬಿದ್ಳಾ, ಯಾರಾದ್ರೂ ನೂಕಿದ್ರಾ, ನಂದೇನ್ ತಪ್ಪು ಅಂತ ಕೇಳ್ಕೊಂಡು ನಿಲ್ಲಿಸೋದಲ್ಲ. ನೀರಲ್ಲಿ ಒಬ್ಳಿದ್ದಾಳೆ, ಅದಕ್ಕೆ ನಿಲ್ಲಿಸೋದು. ಆ ಹುಡುಗಿ ಇನ್ನೂ ನೀರಲ್ಲೇ ಇದ್ದಾಳೆ. ನಿಲ್ಲಿಸಿ" ಅಂದೆ.

ಯಾರೋ "ಆದ್ರೆ ಲೋರ್ನಾ, ಇದು ನೀವೇ ಕಟ್ಟಿದ ತಂಡ" ಅಂದರು. "ಅದಕ್ಕೇ ನಾನು ಹೇಳ್ತಿರೋದು" ಅಂದೆ. ಎರಡು ವರ್ಷ ಅಮಾನತು. ಮರ್ಸರ್ ನನ್ನ ಮುಖ ನೋಡದೆ ಹೊರಗೆ ಹೋದಳು.

ನಿನ್ನ ಕಾಗದ ನನ್ನ ಕೋಟಿನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಅದರೊಳಗಿನ ಮಾತು ನನ್ನದಲ್ಲ, ನಾನು ಆಡಿದರೆ ಅದಕ್ಕೆ ಬೆಲೆಯಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಿನ್ನ ಆ "ಹೋಗು" ಇನ್ನು ವಾಪಸ್ಸು ಬರುವುದಿಲ್ಲ. ಆದರೆ ಹೇಳದೆ ಉಳಿದ ಮಾತೊಂದು ನಿನ್ನ ಬಾಯಲ್ಲೇ ಇದೆ.

ಸಭೆ ಮುಗಿದ ಮೇಲೆ ದೋಣಿಮನೆಗೆ ಹೋಗಿದ್ದೆ. ನನ್ನ ಹೆಸರಿನ ದೋಣಿಯ ಹೊಟ್ಟೆ ಸವರಿ ಬಂದೆ. ಅವಳ ಬೂಟು ಇನ್ನೂ ಬಾಗಿಲಲ್ಲೇ ಇತ್ತು. ನಾನೂ ಎತ್ತಿಡಲಿಲ್ಲ. ಅದನ್ನು ಯಾರು ಒಯ್ಯಬೇಕೆಂದು ನಿನಗೆ ಗೊತ್ತು. ಸೋತವರು ಏನು ಮಾಡುತ್ತಾರೆನ್ನುವುದೂ ಗೊತ್ತು.

ನಿನ್ನ ಅಜ್ಜಿ
ಲೋರ್ನಾ


ವಿಟೆಕ್ ಅವರ ಮನೆ, ನೆಬ್ರಾಸ್ಕಾ
ಜೂನ್ 23

ಪ್ರೀತಿಯ ಅಜ್ಜಿ,

ಇಷ್ಟು ದಿನ ಬರೆಯದಿದ್ದಕ್ಕೆ ಬೈಯಬೇಡ. ನಿನ್ನ ಕಾಗದ ಬಂದ ಮಾರನೆಯ ದಿನ ಡೀನ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಈ ಚಳಿಗಾಲದವರೆಗೆ ನಾನು ಕಾಲೇಜಿಗೆ ಹೋಗುವ ಹಾಗಿಲ್ಲ. ತಂಡದವರಿಗೂ ಹೇಳಿದೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಪೈಪರ್ ಮಾತ್ರ "ಅವ್ಳು ನಿಜ ಹೇಳ್ತಿದ್ಲು ಕಣೇ, ನಾವೆಲ್ಲ ಸೇರ್ಕೊಂಡು ಅವ್ಳನ್ನೇ ಸುಳ್ಳಿ ಮಾಡಿದ್ವಿ" ಅಂದಳು. ನನ್ನ ಜೊತೆ ಬಸ್ ನಿಲ್ದಾಣದವರೆಗೆ ಬಂದಳು. ಬೂಟಿನ ಚೀಲ ಅವಳೇ ಹಿಡಿದುಕೊಂಡಿದ್ದಳು.

ಬಸ್ಸಿನಲ್ಲಿ ಎರಡು ದಿನ. ಕಡೆಯ ಬೆಳಿಗ್ಗೆ ಕಣ್ಣು ಬಿಟ್ಟರೆ ಎಲ್ಲೆಲ್ಲೂ ಹುಲ್ಲು ಅಜ್ಜಿ. ಗಾಳಿ ಬಂದಾಗ ಬಾಗಿ, ಗಾಳಿ ಹೋದಾಗ ಏಳುತ್ತಿತ್ತು. ಇನ್ನೂ ಕನಸಿನಲ್ಲೇ ಇದ್ದೇನೆ ಅಂದುಕೊಂಡು ಕಿಟಕಿಯ ಗಾಜು ಮುಟ್ಟಿ ನೋಡಿದೆ.

ಬಾಗಿಲು ತೆಗೆದವರು ಲಿಬ್ಬಿಯ ಅಮ್ಮ. ನನ್ನನ್ನು ನೋಡಿದ ಕೂಡಲೇ ಯಾರೆಂದು ತಿಳಿಯಿತು. ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. "ಹಿಂದ್ಗಡೆ ಇದ್ದಾಳೆ. ಜೋರಾಗಿ ಮಾತಾಡ್ಬೇಡ, ಕೆಮ್ಮು ಬರುತ್ತೆ ಅವ್ಳಿಗೆ" ಅಂದರು.

ಲಿಬ್ಬಿ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತೆಳ್ಳಗಾಗಿದ್ದಾಳೆ. ಬೂಟು ಕೆಳಗಿಟ್ಟೆ. ಒಳಗೆ ತೊಟ್ಟಿದ್ದ ತಂಡದ ಹಸಿರು ಅಂಗಿಯನ್ನು ಅಲ್ಲೇ ಬಿಚ್ಚಿ, ಮೇಲೆ ಸ್ವೆಟರ್ ಎಳೆದುಕೊಂಡು, ಅಂಗಿಯನ್ನು ಅವಳ ಕಡೆ ಚಾಚಿದೆ. ಅವಳು ಅಂಗಿ ನೋಡಿದಳು. ಅದರ ಅರ್ಥ ಅವಳಿಗೆ ಗೊತ್ತು. ಶರತ್ಕಾಲದ ಪಂದ್ಯದಲ್ಲಿ ಗೆದ್ದ ಅಂಗಿಯನ್ನು ಅವಳು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ತೆಗೆದುಕೊಳ್ಳಲಿಲ್ಲ. ಮೊದಲು ಒಂದು ಮಾತು ಕೇಳಿದಳು.

"ನಾನ್ ತಲೆ ಅಲ್ಲಾಡಿಸ್ದೆ ಅಲ್ವಾ?"

"ಹೌದು" ಅಂದೆ.

"ನೀನ್ ನೋಡ್ದೆ."

"ನೋಡ್ದೆ ಲಿಬ್ಬಿ. ನೋಡಿಯೂ ಹೋಗು ಅಂದೆ."

ಅವಳು ಹುಲ್ಲಿನ ಮೇಲೆ ಕೂತುಬಿಟ್ಟಳು. ಎಲ್ಲರೂ ಇಲ್ಲ ಇಲ್ಲ ಅಂದ ಮೇಲೆ ತಾನು ನಿಜಕ್ಕೂ ತಲೆ ಅಲ್ಲಾಡಿಸಿದ್ದೆನೋ ಇಲ್ಲವೋ ಅನ್ನುವ ಅನುಮಾನ ಅವಳಿಗೇ ಬಂದಿತ್ತಂತೆ. ಕನ್ನಡಿಯ ಮುಂದೆ ನಿಂತು ತಲೆ ಅಲ್ಲಾಡಿಸಿ ನೋಡುತ್ತಿದ್ದಳಂತೆ, ಹೀಗೆ ಮಾಡಿದ್ದೆನಾ, ಹೀಗಾ ಅಂತ. ಮೊನ್ನೆ ಮೊನ್ನೆ ಅಮ್ಮನಿಗೆ "ಇಲ್ಲಮ್ಮ, ನಾನೇ ಇಳಿದೆ ಅಂತ ಕಾಣ್ಸುತ್ತೆ" ಅಂತಲೂ ಅಂದಳಂತೆ. ಡೀನ್ ಕಳಿಸಿದ ಕಾಗದ ಬಂದ ಮೇಲೂ ನಂಬಿಕೆ ಬಂದಿರಲಿಲ್ಲವಂತೆ, ನನ್ನ ಬಾಯಿಂದ ಕೇಳುವವರೆಗೆ.

ಕ್ಷಮಿಸಿದ್ದೇನೆ ಅಂತ ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅಂಗಿಯನ್ನು ಅವಳಮ್ಮ ತೆಗೆದುಕೊಂಡು ಒಗೆದು ತಂತಿಗೆ ಹಾಕಿದರು. ಈಗ ಈ ಕಾಗದ ಬರೆಯುವಾಗ ಕಾಣುತ್ತಿದೆ, ಹಾಸಿಗೆ ವಸ್ತ್ರಗಳ ನಡುವೆ ಗಾಳಿ ತುಂಬಿಕೊಂಡು ಆಡುತ್ತಿದೆ. ಇವತ್ತು ಇಲ್ಲೇ ಉಳಿ, ನಾಳೆ ಬಸ್ಸಿಗೆ ಬಿಡುತ್ತೇನೆ ಅಂದರು. ರಾತ್ರಿಯ ಊಟಕ್ಕೆ ತಟ್ಟೆ ಹಾಕುತ್ತಿದ್ದಾರೆ, ನನಗೂ ಒಂದು.

ಲಿಬ್ಬಿ ನನ್ನ ಎದುರಿಗೇ ಕೂತಿದ್ದಾಳೆ ಅಜ್ಜಿ, ಮೆಟ್ಟಿಲ ಮೇಲೆ. ಆಗಾಗ ತಲೆಯೆತ್ತಿ "ಇನ್ನೊಂದ್ ಸಲ ಹೇಳು" ಅನ್ನುತ್ತಾಳೆ. ಹೇಳುತ್ತೇನೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾಳೆ, ಮತ್ತೆ ಹೇಳುತ್ತೇನೆ.

ನಿನ್ನ
ಟೆಸ್ಸಾ